ತೊಳೆಯದೆ ತಂದ ಹಕ್ಕರಕಿ

ಹೋದ ಚಳಿಗಾಲದಲ್ಲಿ ನನ್ನ ಸೊಸೆ ಲಾತೂರಿಗೆ ಹೋಗಿ ಬರುವಾಗ ಒಂದು ಲೆಟ್ಯೂಸ್ ಗಡ್ಡೆ ತಂದಳು. ನೋಡಲು ಕೋಬಿಯ ತಂಗಿಯಂತಿತ್ತು, ಮುಟ್ಟಿದರೆ ಕೋಬಿಗಿಂತ ಮೆತ್ತಗೆ. ನಾವೀಗ ಇರುವ ಉದಗೀರದ ಸಂತೆಯಲ್ಲಿ ಅಂಥದ್ದು ಸಿಗುವುದಿಲ್ಲ. ಹೀಗಾಗಿ ಬಾಣಂತಿ ಕೂಸನ್ನು ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸಿದಳು. ಆಮೇಲೆ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಬಿಗಿಯಾಗಿ ಗಂಟು ಹಾಕಿ ಫ್ರಿಜ್ಜಿನಲ್ಲಿಟ್ಟಳು. ನಾನು ನೋಡುತ್ತಲೇ ಇದ್ದೆ. ಕೇಳದೆ ಹೇಳಿದರೆ ಅತ್ತೆಯ ಮಾತು ಕಹಿ, ಕೇಳಿದ ಮೇಲೆ ಹೇಳಿದರೆ ಅದೇ ಮಾತು ಔಷಧಿ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ನಾನೆಣಿಸಿದ ಹಾಗೇ ಆಯಿತು. ಒಂದೆರಡು ದಿನಕ್ಕೆ ಹೊರಗಿನ ಎಲೆಗಳು ಕಂದಿ, ಚೀಲದ ತಳದಲ್ಲಿ ಲೋಳೆ ನಿಂತಿತು. ಸೊಸೆ ಚೀಲ ಹಿಡಿದುಕೊಂಡು ಬಂದಳು.

"ಅತ್ತೀ, ಇದಕ್ಕ ಹ್ಯಾಂಗ ಇಡ್ಬೇಕ್ರೀ? ಮೊಬೈಲ್‌ನ್ಯಾಗ ಒಬ್ಬಾಕಿ ತೊಳ್ದು ಇಡ್ರಿ ಅಂತಾಳ, ಇನ್ನೊಬ್ಬಾಕಿ ತೊಳೀಬ್ಯಾಡ್ರಿ ಅಂತಾಳ. ಯಾರದು ಖರೆ?"

ಕೊಳೆತ ಎಲೆಗಳನ್ನು ಬಿಡಿಸಿ ಹಾಕಿದೆ. ಒಳಗಿನ ಭಾಗ ಇನ್ನೂ ಗಟ್ಟಿಯಾಗಿತ್ತು. ಬುಡವನ್ನು ಈಳಿಗೆಗೆ ಹಿಡಿದು ಚೂರೇ ಕೊಯ್ದೆ. ಕೊಯ್ದಲ್ಲಿ ಬಿಳಿ ಹಾಲು ಸಣ್ಣ ಸಣ್ಣ ಮಣಿಯಾಗಿ ಒಸರಿತು. ನಾನು ಬೆರಳಿಗೆ ಹಚ್ಚಿಕೊಂಡು ನಾಲಗೆಗೆ ಇಟ್ಟೆ. ಕಹಿ. ಅದೇ ಕಹಿ! ನಲವತ್ತು ವರ್ಷ ನಾನು ತಿಂದ, ಬಿಡಿಸಿದ, ತೊಳೆದ ಹಕ್ಕರಕಿಯ ಹಾಲು ಇದು. ಎಲ್ಲಿಯ ಲಾತೂರಿನ ಗಾಜಿನ ಬಾಗಿಲಿನ ಅಂಗಡಿ, ಎಲ್ಲಿಯ ನಮ್ಮ ಹೊಲದ ಬದು! ಇಬ್ಬರ ಮೈಯಲ್ಲೂ ಒಂದೇ ಹಾಲು ಹರಿಯುತ್ತಿದೆ ಎಂದರೆ, ಇದನ್ನು ಮಾಡಿದವನಿಗೆ ಒಂದು ಸಲ ಕೈ ಮುಗಿಯಬೇಕು ಅನ್ನಿಸಿತು.

"ಇದು ನಮ್ಮ ಹಕ್ಕರಕಿ ಕುಲದ್ದೇ ಅದ ನೋಡವಾ," ಎಂದೆ. "ಶಹರದಾಗ ಇದ್ದು ಜರಾ ಮೈ ಬಿಟ್ಟಾದ, ಅಷ್ಟ."

ಹಕ್ಕರಕಿ ಗೊತ್ತಿಲ್ಲದವರಿಗೆ ಹೇಳಬೇಕು. ಅದನ್ನು ಯಾರೂ ಬಿತ್ತುವುದಿಲ್ಲ. ಮಳೆಗಾಲ ಮುಗಿದು ಜೋಳ ಮೊಳಕಾಲುದ್ದ ಆಗುವ ಹೊತ್ತಿಗೆ ಸಾಲಿನ ನಡುವೆ, ಬದುವಿನ ಮೇಲೆ ತಾನೇ ಹುಟ್ಟಿ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಎಲೆಯ ಅಂಚು ಗರಗಸದ ಹಲ್ಲಿನಂತೆ. ಮರಾಠಿಯವರು ಪಾಥರಿ ಅನ್ನುತ್ತಾರೆ. ಬೇಯಿಸುವ ಗೊಡವೆಯಿಲ್ಲ; ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮಗ್ಗುಲಲ್ಲಿ ಹಸಿ ಹಕ್ಕರಕಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಅದಕ್ಕೆ ಗಾಜಿನ ಅಂಗಡಿಯಲ್ಲಿ ಜಾಗ ಸಿಕ್ಕಿಲ್ಲ.

ಸೊಸೆಗೆ ಅವತ್ತು ಹಿಟ್ಟು ನಾದುವ ಅಗಲ ಪರಾತದಲ್ಲಿ ನೀರು ತುಂಬಿಸಿ ತೋರಿಸಿದೆ. ಎಲೆಗಳನ್ನು ಬಿಡಿಸಿ ನೀರಿನಲ್ಲಿ ತೇಲಬಿಡಬೇಕು, ಅಲುಗಾಡಿಸಿ ಸುಮ್ಮನೆ ಬಿಡಬೇಕು, ಮಣ್ಣು ತಾನೇ ತಳಕ್ಕೆ ಇಳಿಯುತ್ತದೆ. ಆಮೇಲೆ ಎಲೆಯನ್ನು ಕೈಯಿಂದ ಮೇಲಕ್ಕೆ ಎತ್ತಬೇಕು. ಪರಾತ ಬಗ್ಗಿಸಿ ನೀರು ಚೆಲ್ಲಿದರೆ ಇಳಿದ ಮಣ್ಣೆಲ್ಲ ಮತ್ತೆ ಎಲೆಯ ಮೈಮೇಲೆ ಬಂದು ಕೂರುತ್ತದೆ. ಎತ್ತಿದ ಎಲೆಯನ್ನು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ಝಾಡಿಸಿ, ನೀರಿನ ಹನಿ ಉಳಿಯದಂತೆ ನೆರಳಿಗೆ ಹರವಿ, ಸಡಿಲಾಗಿ ಸುತ್ತಿಡಬೇಕು. ತೊಳೆದಿಟ್ಟರೂ ನಡೆಯುತ್ತದೆ, ತೊಳೆಯದಿಟ್ಟರೂ ನಡೆಯುತ್ತದೆ. ಹಸಿ ಎಲೆಯನ್ನು ಉಸಿರು ಕಟ್ಟುವ ಹಾಗೆ ಬಿಗಿದರೆ ಮಾತ್ರ ಅದು ಸಾಯುತ್ತದೆ.

"ನಿಮಗ ಇದೆಲ್ಲಾ ಯಾರ ಕಲ್ಸಿದ್ರೀ?" ಎಂದು ಸೊಸೆ ಕೇಳಿದಳು.

"ನಮ್ಮತ್ತಿ," ಎಂದೆ. ಉಳಿದದ್ದನ್ನು ಅವಳಿಗೆ ಹೇಳಲಿಲ್ಲ. ಹಕ್ಕರಕಿಯನ್ನು ತೊಳೆದು ತರಬೇಕೋ ತೊಳೆಯದೆ ತರಬೇಕೋ ಎಂಬ ಇಷ್ಟೇ ಮಾತಿಗೆ, ಒಂದು ಕಾಲಕ್ಕೆ ನಮ್ಮತ್ತೆಯ ತವರಿನ ನಂಟೇ ಹರಿದುಹೋಗುವುದಿತ್ತು. ಅದನ್ನು ಬರೆದೇ ಹೇಳಬೇಕು.

ನಾನು ಸೊಸೆಯಾಗಿ ಬಂದದ್ದು ಉಮರಗಾಕ್ಕೆ. ಬಜಾರಿನಲ್ಲಿ ಕಿರಾಣಿ ಅಂಗಡಿ, ಅದರ ಹಿಂದೆ ಮನೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅಂಗಡಿ ನನ್ನ ಗಂಡನ ಕೈಯಲ್ಲಿ, ಮನೆ ಅತ್ತೆಯ ಕೈಯಲ್ಲಿ. ಅತ್ತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ನನಗೂ ಅಷ್ಟೇ, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಯುವ ತನಕ ಅವಳ ಬಾಯಿಂದ ಒಂದು ಮಾತು ಬರುತ್ತಿರಲಿಲ್ಲ. ಮುಗಿದ ಮೇಲೆ ಎಲ್ಲವೂ ಒಟ್ಟಿಗೇ ಬರುತ್ತಿದ್ದವು.

ಅವಳ ತವರು ನಿಲಂಗಾ ತಾಲೂಕಿನ ಒಂದು ಸಣ್ಣ ಊರು. ಕಾಸಾರಶಿರಸಿಗೆ ಹೋಗಿ, ಅಲ್ಲಿಂದ ಒಳದಾರಿ ಹಿಡಿಯಬೇಕು. ಅಲ್ಲಿ ಅವಳ ಮುದಿತಾಯಿ, ತಮ್ಮ, ತಮ್ಮನ ಹೆಂಡತಿ. ತಮ್ಮನನ್ನು ನಾವೆಲ್ಲ ಮಾಮಾ ಎನ್ನುತ್ತಿದ್ದೆವು. ಮಾಮಾ ಎಷ್ಟು ಮೆತ್ತಗಿನ ಮನುಷ್ಯನೆಂದರೆ, ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ಒಂದು ಸಲ ಕೆಮ್ಮಿ, ಯಾರಾದರೂ ನೋಡುವ ತನಕ ನಿಂತೇ ಇರುತ್ತಿದ್ದ. ಚಳಿಗಾಲ ಬಂತೆಂದರೆ ತಾಯಿ ಕಳಿಸಿದ ಹಕ್ಕರಕಿಯ ಗಂಟು ಅವನ ಕೈಯಲ್ಲಿ. ಉಮರಗಾದಲ್ಲಿ ಹಕ್ಕರಕಿ ಸಿಗುವುದಿಲ್ಲವೆಂದಲ್ಲ. ಪಕ್ಕದ ಗುಂಜೋಟಿಯ ಹೆಂಗಸರು ಬುಟ್ಟಿ ಬುಟ್ಟಿ ಹೊತ್ತು ಬಾಗಿಲಿಗೇ ತರುತ್ತಿದ್ದರು. ಅತ್ತೆ ಮೂಗು ಮುರಿಯುತ್ತಿದ್ದಳು. "ನಮ್ಮೂರಿಂದು ಬ್ಯಾರೆ ಇರ್ತದ," ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದಾದರೆ, ಕೊಟ್ಟ ಹೆಣ್ಣಿಗೆ ತವರಿನ ಕಳೆಯೂ ಮುದ್ದು. ನನಗಂತೂ ಎರಡೂ ಒಂದೇ ರುಚಿ ಕಾಣುತ್ತಿದ್ದವು, ಆದರೆ ಅದನ್ನು ಬಾಯಿಬಿಟ್ಟು ಹೇಳಲು ನನಗೇನು ಹುಚ್ಚೇ?

ಆಮೇಲೆ ಭೂಕಂಪವಾಯಿತು. ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದರು. ನಮ್ಮ ಮನೆಯ ಒಂದು ಗೋಡೆ ಬಾಯಿಬಿಟ್ಟಿತು, ಅಷ್ಟರಲ್ಲೇ ಮುಗಿಯಿತು. ಅತ್ತೆಯ ತವರೂರು ಮಾತ್ರ ಇದ್ದಲ್ಲೇ ಕೂತುಬಿಟ್ಟಿತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತಲೆತಲಾಂತರದಿಂದ ಬಿಸಿಲು ಮಳೆ ಕಾದ ಮಾಳಿಗೆ ಮಲಗಿದವರ ಮೇಲೆ ಬಿತ್ತು. ತಾಯಿ ಹೋದಳು, ತಮ್ಮನ ಹೆಂಡತಿ ಹೋದಳು. ಮಾಮಾ ಹೊಲ ಕಾಯಲು ಹೋಗಿದ್ದನಾದ್ದರಿಂದ ಉಳಿದ.

ನಮ್ಮಲ್ಲಿ ಹೂಳುವುದು ಪದ್ಧತಿ. ಕುಣಿಯಲ್ಲಿ ಕೂರಿಸಿ, ವಿಭೂತಿ ಇಟ್ಟು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಮಗಳು ತಾಯಿಗೆ ಮಣ್ಣು ಕೊಡದಿದ್ದರೆ ತಾಯಿಯನ್ನು ಕಳಿಸಿದ ಹಾಗೇ ಅಲ್ಲ. ಆದರೆ ಅಷ್ಟು ಜನಕ್ಕೆ ಕುಣಿ ತೋಡುವವರು ಯಾರು? ಎಲ್ಲರನ್ನೂ ಒಟ್ಟಿಗೆ ಸುಟ್ಟರು. ಬೇರೆ ದಾರಿಯೇ ಇರಲಿಲ್ಲ. ಅತ್ತೆ, ನನ್ನ ಗಂಡ ಹೋಗಿ ಮುಟ್ಟುವಷ್ಟರಲ್ಲಿ ಹೊಗೆ ಮಾತ್ರ ಉಳಿದಿತ್ತಂತೆ. ಊರೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅತ್ತೆ ದಾರಿಯಿಂದಲೇ ಹಿಂದಿರುಗಿ ಬಂದಳು. ಅವಳು ಅಳಲಿಲ್ಲ. ನಾನು ಅತ್ತುಬಿಟ್ಟೆ, ನನ್ನ ಗಂಡ ಅತ್ತರು, ಅವಳು ಮಾತ್ರ ಅಳಲಿಲ್ಲ.

ನಮ್ಮ ಬಾಯಿಬಿಟ್ಟ ಗೋಡೆಯನ್ನು ನಂಬಿ ಒಳಗೆ ಮಲಗುವ ಧೈರ್ಯ ಯಾರಿಗೂ ಇರಲಿಲ್ಲ. ಹಿತ್ತಲಲ್ಲಿ ತಗಡಿನ ಪತ್ರಾದ ಶೆಡ್ ಹಾಕಿಕೊಂಡು, ಅಲ್ಲೇ ಒಲೆ ಹೂಡಿಕೊಂಡು ಇದ್ದೆವು. ಆ ಚಳಿಗಾಲ ಹಕ್ಕರಕಿಯ ನೆನಪೇ ಯಾರಿಗೂ ಬರಲಿಲ್ಲ. ಮುಂದಿನ ವರ್ಷ ನಾಗರ ಪಂಚಮಿ ಬಂತು. ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ಕರೆದುಕೊಂಡು ಹೋಗಬೇಕು. ಮಾಮಾ ಬರಲಿಲ್ಲ. ಊರವರ ಜೊತೆ ಅವನೂ ಒಂದು ಶೆಡ್ಡಿನಲ್ಲಿದ್ದ, ಕರೆಯಲು ಅವನಿಗೆ ಮನೆಯಾದರೂ ಎಲ್ಲಿತ್ತು? ಅತ್ತೆ ಅವತ್ತು ಬೆಳಗಿನಿಂದ ಸಂಜೆಯ ತನಕ ಶೆಡ್ಡಿನ ಬಾಗಿಲಿಗೆ ಮುಖ ಮಾಡಿ ಕೂತು ಜೋಳ ಹಸನ ಮಾಡಿದಳು. ಒಮ್ಮೆ ಹಸನ ಮಾಡಿದ ಜೋಳವನ್ನೇ ಮತ್ತೆ ಮೊರಕ್ಕೆ ಸುರುವಿಕೊಂಡು ಮಾಡಿದಳು.

ಆ ವರ್ಷದ ಚಳಿಗಾಲದಲ್ಲಿ, ದೀಪಾವಳಿ ಕಳೆದ ಮೇಲೆ, ಒಂದು ಮಧ್ಯಾಹ್ನ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮಾಮಾ! ತೆಳ್ಳಗಾಗಿದ್ದ. ಕೈಯಲ್ಲಿ ಟವೆಲ್ಲಿನ ಗಂಟು. "ಅಕ್ಕಾ, ಹಕ್ಕರಕಿ ತಂದೀನಿ," ಎಂದ. ಆ ಮಾತು ಹೇಳುವಾಗ ಅವನ ದನಿ ಸಣ್ಣ ಹುಡುಗನದಾಗಿತ್ತು. ಮನೆಯಿಲ್ಲ, ತಾಯಿಯಿಲ್ಲ, ಅಕ್ಕನಿಗೆ ಕೊಡಲು ಸೀರೆಯಿಲ್ಲ. ತವರೆಂದು ಹೇಳಿಕೊಳ್ಳಲು ಅವನ ಹತ್ತಿರ ಉಳಿದದ್ದು ಅದೊಂದೇ ಗಂಟು. ನನಗದು ತಿಳಿಯಿತು. ನೀರಿನ ತಂಬಿಗೆ ಕೊಟ್ಟು, ರೊಟ್ಟಿ ಬಡಿಯಲು ಕೂತೆ.

ಅತ್ತೆ ಗಂಟು ಬಿಚ್ಚಿದಳು. ಹಕ್ಕರಕಿ ಒದ್ದೆಯಾಗಿತ್ತು. ಬಸ್ಸಿನ ಸೆಖೆಗೆ ಅರ್ಧಕ್ಕರ್ಧ ಕರಗಿ ಲೋಳೆಯಾಗಿತ್ತು. ಅತ್ತೆ ಎಲೆ ನೋಡಲಿಲ್ಲ. ಒಂದೊಂದೇ ಗಿಡ ಎತ್ತಿ, ಬೇರನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದಳು.

"ಇದು ತೊಳ್ದೀ ಏನು?"

"ಹೂಂ ಅಕ್ಕಾ. ಹಳೇ ಊರಿನ ದಂಡಿಗಿ ಕಿತ್ತೀನಿ. ಅಲ್ಲಿಂದು ಮಣ್ಣ ನಿನ್ನ ಮನೀಗಿ ಯಾಕ ತರ್ಬೇಕು? ಸೂತಕದ ಮಣ್ಣ. ನಳದ ಬಲ್ಲಿ ಕುಂತು ಛಂದ ತೊಳ್ದು ತಂದೀನಿ."

ಪಾಪ, ಅವನು ಒಳ್ಳೆಯದನ್ನೇ ಎಣಿಸಿದ್ದ. ಕೊಟ್ಟ ಹೆಣ್ಣಿನ ಮನೆಗೆ ಸಾವಿನ ಧೂಳು ತಾಗಬಾರದೆಂದು ಬೇರು ಬೇರನ್ನೇ ಉಜ್ಜಿದ್ದ. ಅತ್ತೆ ಎದ್ದು ನಿಂತಳು. ಭೂಕಂಪ ಆದಾಗಿನಿಂದ ಒಳಗೇ ಇದ್ದ ಸಿಟ್ಟು ಅಷ್ಟೂ ಹೊರಗೆ ಬಂತು.

"ಲಿಂಗ ಕಟ್ಟಿದವರಿಗಿ ಎಲ್ಲೀದು ಸೂತಕಾ? ಯಾರ ಹೇಳ್ಯಾರ ನಿನಗ? ಅವ್ವನ ಮಣ್ಣ ನನಗ ಸೂತಕ ಆಗ್ತದೇನು? ಒಂದ ಹಿಡಿ ಕೊಡಾಕ ಆಗ್ಲಿಲ್ಲ ನನಗ. ಬೇರಿಗಿ ಹತ್ತಿ ಬರೂದೂ ನೀ ನಳಕ್ಕ ಹಾಕಿ ಬಂದೀ? ನನಗ ಬ್ಯಾಡ ಇದು, ತೊಗೊಂಡ್ ಹೋಗು!"

ಮಾಮಾ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡ. ಟವೆಲ್ಲನ್ನು ಮತ್ತೆ ಗಂಟು ಕಟ್ಟಿಕೊಂಡು, ಬಾಗಿಲ ಹೊರಗೆ ಚಪ್ಪಲಿ ಹುಡುಕಿದ. "ಮಾಮಾ, ರೊಟ್ಟಿ ಆಗ್ಯಾವ್ರೀ," ಎಂದು ನಾನು ಹಿಟ್ಟಿನ ಕೈಯಲ್ಲೇ ಓಡಿದೆ. "ಇರಲಿ ತಂಗೀ. ಆಕಿಗಿ ಇನ್ನ ತವರಿನ ಆಶಾ ಇಲ್ಲ," ಎಂದು ಹೋಗೇಬಿಟ್ಟ.

ಆಮೇಲೆ ಅವನು ಬರಲೇ ಇಲ್ಲ. ಸಂತೆಗಳು ಬಂದುಹೋದವು. ಗುಂಜೋಟಿಯವರು ಹಕ್ಕರಕಿ ತಂದರೆ ಅತ್ತೆ ಮುಖ ತಿರುಗಿಸುತ್ತಿದ್ದಳು. ಕಾಸಾರಶಿರಸಿಯ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ಅಂಗಡಿಯ ಮುಂಭಾಗದಲ್ಲಿ ಏನೋ ಒಂದು ಕೆಲಸ ಹುಟ್ಟುತ್ತಿತ್ತು. ಒಂದು ದಿನ ನಾನು ತಡೆಯಲಾರದೆ ಕೇಳಿದೆ, "ಅಷ್ಟ ಬೇಕಾಗಿದ್ರ ಯಾಕ ಬೈದ್ರಿ?" ಅತ್ತೆ ಮೊರ ಕೆಳಗಿಟ್ಟಳು. "ಅಂವಾ ಬರ್ಲಿಲ್ಲಂದ್ರ ನನಗ ತವರ ಮುಗೀತು ನೋಡು," ಎಂದಳು. ಅದನ್ನು ಸಂತೆಯ ದರ ಹೇಳುವ ಹಾಗೆ ಸಪ್ಪೆಯಾಗಿ ಹೇಳಿದಳು. ಅಕ್ಕನಿಗೆ ತಾನೇ ಕರೆಯಲು ಬಿಗುಮಾನ, ತಮ್ಮನಿಗೆ ಬರಲು ನಾಚಿಕೆ. ಇಬ್ಬರ ನಡುವೆ ಒಂದು ತಂಬಿಗೆ ಕೆಸರು ನೀರು!

ನಾನು ಒಂದು ಸುಳ್ಳು ಹೇಳಿದೆ. ಇವತ್ತಿಗೂ ಅದು ನಾನು ಹೇಳಿದ ಒಳ್ಳೆಯ ಸುಳ್ಳುಗಳಲ್ಲೊಂದು. ನನ್ನ ಗಂಡ ಮಾಲು ತರಲು ಕಾಸಾರಶಿರಸಿಗೆ ಹೊರಟಾಗ, "ಮಾಮಾನ ಬಲ್ಲಿ ಹೋಗಿ ಹೇಳಿ ಬರ್ರಿ. ಎಳ್ಳಮಾಸಿಗಿ ಅತ್ತಿ ಹಕ್ಕರಕಿ ಕೇಳ್ಯಾರ. ಬೇರ ಸುದ್ದ, ತೊಳೀಲಾರ್ದೆ, ಮಣ್ಣ ಇದ್ದಂಗ ತರ್ಬೇಕಂತ," ಎಂದೆ. ಗಂಡ ನನ್ನ ಮುಖ ನೋಡಿದರು. "ಅವ್ವ ಹಂಗ ಅಂದಾಳೇನು?" "ಅಂದಾರ," ಎಂದೆ. ಅವರು ಹೇಳಿ ಬಂದರು.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮುನ್ನಾದಿನ. ಬೆಳಗಿನ ಬಸ್ಸು ಬಂತು, ಮಾಮಾ ಇರಲಿಲ್ಲ. ನಾನು ನಾಳೆ ಹಬ್ಬದೂಟಕ್ಕೆ ಬೇಯಿಸುವ ಭಜ್ಜಿ ಪಲ್ಯಕ್ಕೆ ಅವರೆಕಾಳು, ಹಸಿ ಕಡಲೆ ಸುಲಿಯುತ್ತ ಕೂತಿದ್ದೆ, ಕಿವಿಯೆಲ್ಲ ಬಾಗಿಲಿಗೆ. ಬಿಸಿಲು ಏರಿತು, ಇಳಿಯಿತು. ನನ್ನ ಸುಳ್ಳು ಬರಿದೇ ಹೋಯಿತು ಅಂದುಕೊಂಡೆ. ಆಗ ಕೆಮ್ಮು ಕೇಳಿಸಿತು.

ಅವನು ಹತ್ತಿದ ಮುಂದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಮಾಮಾ ಬೇವಿನ ಗಿಡದ ಕೆಳಗೆ ಅರ್ಧ ದಿನ ಕಳೆದಿದ್ದ. ಈ ಸಲ ಟವೆಲ್ಲಲ್ಲ, ಗೋಣಿಚೀಲದ ತುಂಡು. ಅದನ್ನು ಬಿಚ್ಚದೆ ಎದೆಗೆ ಹಿಡಿದುಕೊಂಡು ನಿಂತಿದ್ದ. "ಬಾಡಿ ಹೋಗ್ಯಾದ ಅಕ್ಕಾ. ಈ ಸಲನೂ ಹಾಳಾತು. ಎಮ್ಮಿಗಿ ಹಾಕ್ರಿ," ಎಂದ. ಅತ್ತೆ ಅವನ ಕೈಯಿಂದ ಚೀಲವನ್ನು ಕಸಿದುಕೊಂಡಳು ಎಂದೇ ಹೇಳಬೇಕು. ನೆಲಕ್ಕೆ ಹರವಿದಳು. ಬೇರಿಗೆ ಮಣ್ಣು ಹೆಂಟೆ ಹೆಂಟೆಯಾಗಿ ಅಂಟಿತ್ತು. ಆದರೆ ಎಲೆಗಳು ಹಳೆಯ ಚಿಂದಿಯ ಹಾಗೆ ಮುದುರಿ ಬಿದ್ದಿದ್ದವು. ಹಸಿರು ಕಪ್ಪಾಗಿತ್ತು. ಎತ್ತಿದರೆ ಕೈಯಿಂದ ಜೋತುಬೀಳುತ್ತಿದ್ದವು. ನನ್ನನ್ನು ಕೇಳಿದ್ದರೆ ನಾನೂ ಎಮ್ಮೆಗೇ ಹಾಕುತ್ತಿದ್ದೆ.

"ಪರಾತ ತಾ," ಎಂದಳು ಅತ್ತೆ ನನಗೆ. "ಗಡಿಗ್ಯಾಂದು ತಂಪ ನೀರ ತಾ."

ದೊಡ್ಡ ಪರಾತದಲ್ಲಿ ಗಡಿಗೆಯ ನೀರು ಹಾಕಿಕೊಟ್ಟೆ. ಅತ್ತೆ ಗಿಡಗಳನ್ನು ಮಣ್ಣು ಸಮೇತ, ಬೇರು ಕೆಳಗೆ ಮಾಡಿ, ಒಂದರ ಮಗ್ಗುಲಿಗೆ ಒಂದನ್ನು ಕೂರಿಸಿದಳು. ಮೇಲೆ ಒದ್ದೆ ಧೋತರದ ತುಂಡು ಹೊದಿಸಿದಳು. ನೆರಳಿಗೆ ಎಳೆದಳು. ಆಮೇಲೆ ಅದರ ಮುಂದೆ ಕೂತಳು. ಮಾಮಾ ಆ ಕಡೆ ಕೂತ. ನಾನು ಕಡಲೆ ಸುಲಿಯುವ ನೆಪದಲ್ಲಿ ಅಲ್ಲೇ ಇದ್ದೆ. ಆ ಎಲೆಗಳು ಏಳದಿದ್ದರೆ ಈ ಮನುಷ್ಯ ಮತ್ತೆ ಈ ಬಾಗಿಲಲ್ಲಿ ಕೆಮ್ಮುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು. ಒಳಗೊಳಗೇ ಶಿವನೇ ಶಿವನೇ ಎನ್ನುತ್ತಿದ್ದೆ.

ಮೊದಲು ಬಟ್ಟೆ ಅಲುಗಿತು. ಗಾಳಿ ಇರಲಿಲ್ಲ. ನಾನು ಕೈಯೊಳಗಿನ ಕಡಲೆ ಬಿಟ್ಟು ನೋಡಿದೆ. ಬಟ್ಟೆಯ ಒಂದು ಮೂಲೆ ಚೂರು ಮೇಲೆ ಬಂತು, ಕೆಳಗಿನಿಂದ ಯಾರೋ ಬೆರಳು ಒತ್ತಿದ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆ. ಅತ್ತೆ ಬಟ್ಟೆಯನ್ನು ಮೆಲ್ಲಗೆ ಸರಿಸಿದಳು. ಚಿಂದಿಯಾಗಿದ್ದ ಎಲೆಗಳಲ್ಲಿ ನಡುವಿನ ದೇಟು ಬಿಗಿಯಾಗಿತ್ತು. ಕಪ್ಪು ಸರಿದು ಹಸಿರು ಬುಡದಿಂದ ತುದಿಯ ಕಡೆ ಏರುತ್ತಿತ್ತು. ನಾವು ನೋಡುತ್ತಿರುವ ಹಾಗೇ ಒಂದು ಎಲೆ ತನ್ನ ಮಡಿಕೆಯನ್ನು ಬಿಡಿಸಿಕೊಂಡು ಎದ್ದು ನಿಂತಿತು. ಅದರ ಗರಗಸದ ಹಲ್ಲುಗಳು ಒಂದೊಂದಾಗಿ ನೆಟ್ಟಗಾದವು.

ಎಷ್ಟೋ ಸಲ ಬಾಡಿದ ಕೊತ್ತಂಬರಿಯನ್ನು ನೀರಿಗೆ ಹಾಕಿದ್ದೇನೆ, ಎದ್ದಿದೆ. ಅದೇನು ಹೊಸದಲ್ಲ. ಆದರೆ ಏಳುವುದನ್ನು ಕೂತು ನೋಡಿದವರು ಯಾರು? ನಾವು ನೀರಿಗೆ ಹಾಕಿ ಒಲೆಯ ಕಡೆ ಹೋಗುತ್ತೇವೆ. ಅವತ್ತು ನಾನು ನೋಡಿದೆ. ಭೂಮಿಯಿಂದ ಕಿತ್ತು, ಚೀಲದಲ್ಲಿ ತುಂಬಿ, ಬಿಸಿಲಿಗೆ ಒಣಗಿಸಿದ ಮೇಲೂ ಅದಕ್ಕೆ ನೀರಿನ ಗುರುತು ಹತ್ತಿತಲ್ಲ! ಯಾರ ಮೇಲೂ ಸಿಟ್ಟಿಲ್ಲ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳುವುದಿಲ್ಲ, ಸಿಕ್ಕ ನೀರನ್ನು ಕುಡಿದು ಎದ್ದಿತು. ಮಾಮಾನ ಬಾಯಿ ತೆರೆದೇ ಇತ್ತು. ಹೊಲದಲ್ಲೇ ಹುಟ್ಟಿ ಬೆಳೆದವನು ಹಕ್ಕರಕಿಯನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ಎದ್ದಾವ," ಎಂದಳು ಅತ್ತೆ. ಇಷ್ಟೇ.

ಆಮೇಲೆ ತೊಳೆಯುವ ಕೆಲಸ. ಅತ್ತೆ ನನ್ನನ್ನು ಮುಟ್ಟಗೊಡಲಿಲ್ಲ. ಒಂದೊಂದು ಗಿಡವನ್ನೂ ನೀರಿನೊಳಗೇ ಹಿಡಿದು, ಬೇರನ್ನು ಹೆಬ್ಬೆರಳಿನಿಂದ ಸವರಿದಳು. ಕೂಸಿಗೆ ಎರೆಯುವ ಕೈ ಅದು. ಮಣ್ಣು ಬಿಟ್ಟು ನೀರಿನಲ್ಲಿ ಇಳಿಯಿತು. ಗಿಡವನ್ನು ಎತ್ತಿ ಬೇರೆ ನೀರಿಗೆ ಹಾಕಿದಳು, ಅಲ್ಲಿಂದ ಎತ್ತಿ ಮತ್ತೊಂದು ನೀರಿಗೆ. ನಾನು ಅಭ್ಯಾಸಬಲದಿಂದ ಮೊದಲಿನ ಪರಾತವನ್ನು ಮೋರಿಗೆ ಬಗ್ಗಿಸಲು ಹೋದೆ. "ಮುಟ್ಟಬ್ಯಾಡ ಅದಕ!" ಎಂದು ಅತ್ತೆ ಕೂಗಿದ ದನಿಗೆ ನಾನು ಅಲ್ಲೇ ನಿಂತೆ. ಪರಾತ ಅಲ್ಲಾಡದೆ ಉಳಿಯಿತು.

ತೊಳೆದ ಹಕ್ಕರಕಿಯನ್ನು ಮಾಮಾ ಧೋತರದಲ್ಲಿ ಕಟ್ಟಿ ಅಂಗಳದಲ್ಲಿ ನಿಂತು ಗರಗರ ತಿರುಗಿಸಿದ. ಹನಿಗಳು ನನ್ನ ಮುಖಕ್ಕೆ ಸಿಡಿದವು. "ಮಾಮಾ, ಕವಣಿ ಬೀಸಿ ಗುಬ್ಬಿ ಹೊಡೀತೀರೇನ್ರೀ?" ಎಂದೆ. ಅವನು ನಕ್ಕ. ವರ್ಷದ ಮೇಲಾಗಿತ್ತು ಆ ನಗು ಕಂಡು. ಅವತ್ತಿಗೆ ಬೇಕಾದಷ್ಟನ್ನು ತೆಗೆದಿರಿಸಿ, ಉಳಿದದ್ದರ ಬೇರಿಗೆ ಮಾತ್ರ ಒದ್ದೆ ಅರಿವೆ ಸುತ್ತಿ, ಎಲೆಗೆ ಮತ್ತೆ ನೀರು ತಾಗಿಸದೆ ಹೊಸ ಗಡಿಗೆಯಲ್ಲಿ ನಿಲ್ಲಿಸಿದಳು ಅತ್ತೆ. ಗಡಿಗೆಯನ್ನು ನೀರಿನ ಕೊಡಗಳ ನಡುವೆ ಹಸಿ ಉಸುಕಿನಲ್ಲಿ ಹೂತು, ಬಾಯಿಗೆ ಬಟ್ಟೆ ಕಟ್ಟಿದಳು. ನಾಲ್ಕೈದು ದಿನ ಅದರೊಳಗಿಂದ ಹಕ್ಕರಕಿ ಬಂದೇ ಬಂತು, ಆಗ ಕಿತ್ತ ಹಾಗೆ. ಫ್ರಿಜ್ಜು ಕಂಡವರು ನಂಬಲಿಕ್ಕಿಲ್ಲ, ನಂಬದಿದ್ದರೆ ಬಿಡಲಿ.

ಅಷ್ಟರಲ್ಲಿ ಪರಾತದ ನೀರು ತಿಳಿಯಾಗಿತ್ತು. ಅತ್ತೆ ತಿಳಿನೀರನ್ನು ತಂಬಿಗೆಯಿಂದ ಮೆಲ್ಲಗೆ ತೋಡಿ ತೆಗೆದಳು. ತಳ ಕಾಣಿಸಿತು. ನಾವು ಮೂವರೂ ಬಗ್ಗಿ ನೋಡಿದೆವು.

ನಮ್ಮ ಕಡೆಯ ಹೊಲವೆಲ್ಲ ಎರೆ ಭೂಮಿ. ಹೊಲದ ಹಕ್ಕರಕಿ ತೊಳೆದರೆ ತಳದಲ್ಲಿ ಕಾಡಿಗೆಯಂಥ ಕಪ್ಪು ಮಣ್ಣು ಕೂರುತ್ತದೆ. ಈ ಪರಾತದಲ್ಲಿ ಕೂತದ್ದು ಬಿಳಿ ಮಣ್ಣು, ನುಣ್ಣಗೆ ಹಾಲಿನ ಕೆನೆಯ ಹಾಗೆ. ಬಿಳಿ ಮಣ್ಣು ಹೊಲದಲ್ಲಿರುವುದಿಲ್ಲ. ಅದನ್ನು ಹೊತ್ತು ತಂದು ಮಾಳಿಗೆಗೆ ಹಾಕುತ್ತಾರೆ, ಗೋಡೆಗೆ ಮೆತ್ತುತ್ತಾರೆ. ಅದು ಇರುವುದು ಮನೆಯಲ್ಲಿ.

ಅತ್ತೆ ತಲೆ ಎತ್ತಿದಳು. "ಎಲ್ಲಿಂದ ಕಿತ್ತಿ ಇದು?"

ಮಾಮಾ ನೆಲ ನೋಡುತ್ತ ಹೇಳಿದ. "ಮನ್ಯಾಗಿಂದು ಅಕ್ಕಾ. ನಾ ಅವತ್ತಿನಿಂದ ಮನಿ ಬಿದ್ದ ದಿಬ್ಬದ ಮ್ಯಾಲ ಕಾಲ ಇಟ್ಟಿದ್ದಿಲ್ಲ. ಮಣ್ಣ ಇದ್ದಂಗ ತಾ ಅಂತ ನೀ ಹೇಳಿ ಕಳ್ಸಿದಿ ಅಂತ ಹತ್ತೀನಿ. ಹತ್ತಿ ನೋಡ್ತೀನಿ, ಹಕ್ಕರಕಿ ಹಾಸಿದಂಗ ಬಂದಾದ. ಹೊಲದಾಗ ಅಷ್ಟ ನೋಡಿಲ್ಲ ನಾ. ಅವ್ವನ ಒಲಿ ಇದ್ದಲ್ಲಿ ಕಿತ್ತು ತಂದೀನಿ."

ನಾನು ಕಳಿಸಿದ ಸುಳ್ಳು ಈ ಮನುಷ್ಯನನ್ನು ಎಲ್ಲಿಗೆ ಹತ್ತಿಸಿತ್ತೆಂದು ನನಗೆ ಆಗ ತಿಳಿಯಿತು. ಯಾರು ಬಿತ್ತಿದರು ಅಲ್ಲಿ? ಅಷ್ಟು ಜನರನ್ನು ನುಂಗಿದ ಮಣ್ಣು ಒಂದೇ ಮಳೆಗಾಲ ದಾಟಿ ತಿನ್ನುವ ಎಲೆಯನ್ನು ಹೊರಗೆ ಕೊಟ್ಟಿತ್ತು. ಅದೂ ಒಲೆ ಇದ್ದ ಜಾಗದಲ್ಲಿ. ಇದನ್ನು ನಾನು ಇವತ್ತಿನ ತನಕ ತಿಳಿದುಕೊಂಡಿಲ್ಲ, ತಿಳಿಯುವ ಹಟವೂ ಇಲ್ಲ. ಕೈ ಮುಗಿಯುವುದಷ್ಟೇ ಗೊತ್ತು.

ಹೇಳಿ ಕಳಿಸಿದೆ ಎಂಬ ಮಾತಿಗೆ ಅತ್ತೆ ಒಂದು ಕ್ಷಣ ನನ್ನ ಕಡೆ ನೋಡಿದಳು. ಹೇಳಿಲ್ಲ ಎನ್ನಲಿಲ್ಲ. ಪರಾತದ ತಳವನ್ನು ನಾಲ್ಕೂ ಬೆರಳಿಂದ ಬಳಿದಳು, ಒಂದು ಕಣವೂ ಉಳಿಯದ ಹಾಗೆ. ಎಲ್ಲ ಸೇರಿ ಅಂಗೈಯಷ್ಟು ಮಣ್ಣು. ಅದನ್ನು ಹಿಡಿದುಕೊಂಡು ಎದ್ದಳು. ಹೂಳುತ್ತಾಳೋ, ಹಣೆಗೆ ಹಚ್ಚಿಕೊಳ್ಳುತ್ತಾಳೋ ಎಂದು ನೋಡಿದೆ. ಅವಳು ಶೆಡ್ಡಿನ ಒಲೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ದಿನಾ ಬೆಳಿಗ್ಗೆ ಒಲೆ ಸಾರಿಸುವ ಹಾಗೆ, ಆ ಬಿಳಿ ಮಣ್ಣನ್ನು ಒಲೆಯ ಮೈಗೆ ಸಾರಿಸತೊಡಗಿದಳು. ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಹಾಗೆ ಸಾರಿಸುತ್ತಲೇ ಅತ್ತಳು. ಅಳು ದೊಡ್ಡದಾಯಿತು. "ಯವ್ವಾ, ಯವ್ವಾ" ಎಂದು, ಹಿತ್ತಲಾಚೆಯವರಿಗೂ ಕೇಳುವ ಹಾಗೆ ಅತ್ತಳು. ಕೈ ಮಾತ್ರ ನಿಲ್ಲಲಿಲ್ಲ. ಮಾಮಾ ಅವಳ ಬೆನ್ನ ಹಿಂದೆ ನಿಂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಮಣ್ಣು ಮುಗಿಯಿತು. ಒಲೆಯ ಒಂದು ಮಗ್ಗುಲು ಬೆಳ್ಳಗಾಗಿತ್ತು, ಇನ್ನೊಂದು ಮಗ್ಗುಲು ಹೊಗೆ ಹಿಡಿದು ಹಾಗೇ ಕಪ್ಪಗಿತ್ತು. ಅತ್ತೆ ಮೂಗೊರಸಿಕೊಂಡು, ಸ್ವಲ್ಪ ಹಿಂದೆ ಸರಿದು ಅದನ್ನು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, ಎಂದಿನ ಬಿರುಸು ದನಿಯಲ್ಲಿ ಹೇಳಿದಳು.

"ಒಂದ ಮಗ್ಗಲಾ ಆತು. ಇನ್ನೊಂದಕ್ಕ ಸಾಲ್ಲಿಲ್ಲ. ಬರೂ ಸಂತಿಗಿ ಮತ್ತ ತಾ."